ಸೆವೆರಿನಾಳ ಹನ್ನೆರಡು ನಿಮಿಷ

ಓರೂರೊ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಕೃಷಿ ಓದುತ್ತಿದ್ದ ಸೆವೆರಿನಾ ಕಾಯಿಸಾಯಾಳಿಗೆ ಸಹಪಾಠಿಗಳು ಇಟ್ಟ ಹೆಸರು ‘ಮೂಗಿ’. ಮೊದಲ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಇಂಜಿನಿಯರ್ ಸೆಬಾಯೊಸ್ ಎಂಬ ಮೇಷ್ಟ್ರ ಎದುರು ಒಂದು ಉತ್ತರವನ್ನೂ ಹೇಳದೆ ನಿಂತು ಬಂದವಳು ಅವಳು. ಉತ್ತರ ಗೊತ್ತಿರಲಿಲ್ಲವೇ? ಬರೆದು ಕೊಡು ಅಂದರೆ ತರಗತಿಗೇ ಮೊದಲು ಬರುತ್ತಿದ್ದಳು. ವಿಷಯ ಬೇರೆಯೇ ಇತ್ತು. ಅವಳ ಹಳ್ಳಿಯ ಸಭೆಯಲ್ಲಿ ಎದ್ದು ನಿಂತವರು ಮೊದಲು ಒಬ್ಬೊಬ್ಬ ಹಿರಿಯರನ್ನೂ ಹೆಸರು ಹಿಡಿದು ಕರೆದು, ಮಾತಾಡಲೇ ಎಂದು ಅಪ್ಪಣೆ ಕೇಳಬೇಕು. ಹೆಸರು ಕರೆಸಿಕೊಂಡವರು ‘ಮಾತಾಡು’ ಅನ್ನಬೇಕು. ಅನ್ನದಿದ್ದರೆ ಬಾಯಿ ಮುಚ್ಚಿಕೊಂಡು ಕೂರಬೇಕು. ಹಳ್ಳಿಯಿಂದ ಹೊಸದಾಗಿ ಬಂದ ಹುಡುಗಿ ಅಂದು ಪಿಸುದನಿಯಲ್ಲಿ ಅಪ್ಪಣೆ ಕೇಳಿ ಆ ಒಂದು ಮಾತಿಗಾಗಿ ಕಾಯುತ್ತಿದ್ದಳು. ಮೇಷ್ಟ್ರು ಗಡಿಯಾರ ನೋಡಿಕೊಂಡು ‘ಮುಂದಿನವರು’ ಅಂದುಬಿಟ್ಟರು.

ಬಾಯಿಗೆ ಬೀಗ ಬಿದ್ದದ್ದು ತರಗತಿಯೊಳಗೆ ಮಾತ್ರ. ಬೆಳಿಗ್ಗೆ ಕಾಲೇಜಿನ ಹಿಂಬಾಗಿಲಲ್ಲಿ ದೋನ್ಯಾ ಒರ್ತೆನ್ಸಿಯಾ ಎಂಬಾಕೆಯ ಪಾನೀಯದ ಗಾಡಿಯ ಹತ್ತಿರ ಲೋಟ ತೊಳೆಯುವಾಗ ನೀವು ಅವಳನ್ನು ನೋಡಬೇಕಿತ್ತು. ನೇರಳೆ ಜೋಳದ ಬಿಸಿ ಆಪಿ ಕುಡಿಯಲು ಬಂದ ಚಾಲಕರು, ಗುಮಾಸ್ತರು, ಕಾವಲುಗಾರರು ಎಲ್ಲರ ಜೊತೆಗೂ ಅರಳು ಹುರಿದಂತೆ ಮಾತು.

“ಈ ನಾಲಿಗೇನ ಒಳಗಡೆ ಯಾಕೆ ಬಿಚ್ಚಲ್ವೇ ನೀನು?” ಎಂದು ಒರ್ತೆನ್ಸಿಯಾ ಬೈಯುತ್ತಿದ್ದಳು. “ಇಲ್ಲಿ ನನ್ನ ತಲೆ ತಿನ್ನೋಕಾದ್ರೆ ಬರುತ್ತೆ!”

ಸೆವೆರಿನಾ ನಾಲ್ಕು ವರ್ಷ ಬೆನ್ನು ಹತ್ತಿದ ವಿಷಯ ಚುನ್ಯೊ. ಆ ಸೀಮೆಗೆ ಚಳಿಗಾಲವಾದ ಜೂನ್ ತಿಂಗಳಲ್ಲಿ ಆಲೂಗಡ್ಡೆಯನ್ನು ಬಯಲಲ್ಲಿ ಹರಡುತ್ತಾರೆ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗಿದ್ದನ್ನು ಕಾಲಲ್ಲಿ ತುಳಿದು, ನೀರು ಹಿಂಡಿ ಒಣಗಿಸಿದರೆ ಚುನ್ಯೊ ಆಯಿತು. ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಆದರೆ ಈಚೆಗೆ ಚಳಿಯೇ ಕೈಕೊಡತೊಡಗಿತ್ತು. ಸಾಕಷ್ಟು ರಾತ್ರಿ ಹೆಪ್ಪುಗಟ್ಟದಿದ್ದರೆ ಹರಡಿದ್ದೆಲ್ಲ ಕೊಳೆತು ನಾರುತ್ತದೆ. ಸೆವೆರಿನಾ ತನ್ನನ್ನು ಸಾಕಿದ ಚಿಕ್ಕಮ್ಮ ಬಸಿಲಿಯಾಳ ಹೊಲದಲ್ಲಿ, ಸುತ್ತಲಿನ ಹೊಲಗಳಲ್ಲಿ ಉಷ್ಣಮಾಪಕ ನೆಟ್ಟು ನಾಲ್ಕು ಜೂನ್‌ಗಳ ಲೆಕ್ಕ ಬರೆದಿಟ್ಟಿದ್ದಳು.

ಆ ಅಂಕಿಗಳನ್ನು ಪಟ್ಟಣಕ್ಕೆ ಒಯ್ಯಲು ಊರಸಭೆಯ ಒಪ್ಪಿಗೆ ಬೇಕಾಗಿತ್ತು. ಊರ ಯಜಮಾನ ಡಾನ್ ಫೆರ್ಮಿನ್ ಒಂದು ಷರತ್ತಿನ ಮೇಲೆ ಒಪ್ಪಿದ್ದ. “ತಗೊಂಡೋಗವ್ವ. ಆದ್ರೆ ದೊಡ್ಡೋರ ಮುಂದೆ ನಿಂತು ಬಾಯ್ಬಿಟ್ಟು ಹೇಳ್ಬೇಕು. ಬರ್ದು ಬೀರುವಿನಾಗೆ ಇಡೋದಾದ್ರೆ ನಮ್ಗೆ ಬ್ಯಾಡ.”

ದೊಡ್ಡವರು ಸೇರುವುದು ಸುಕ್ರೆ ನಗರದ ರಾಷ್ಟ್ರೀಯ ವಿದ್ಯಾರ್ಥಿ ಸಮ್ಮೇಳನದಲ್ಲಿ. ಕಾಲೇಜಿನಿಂದ ಅಲ್ಲಿಗೆ ಹೋಗುವವರು ಒಬ್ಬರೇ. ಅವರನ್ನು ಆರಿಸುವುದು ಕಾಲೇಜಿನದೇ ಸಮ್ಮೇಳನದಲ್ಲಿ. ಒಬ್ಬೊಬ್ಬರಿಗೆ ಹನ್ನೆರಡು ನಿಮಿಷ ಭಾಷಣ, ಎಂಟು ನಿಮಿಷ ಪ್ರಶ್ನೋತ್ತರ. ಸೆವೆರಿನಾಳದು ಕೊನೆಯ ವರ್ಷ. ಈ ಸಲ ತಪ್ಪಿದರೆ ಊರಿಗೆ ಕೊಟ್ಟ ಮಾತು ನೀರಿನಲ್ಲಿ ಹೋಮ ಮಾಡಿದ ಹಾಗೆ.

ಅವಳನ್ನು ತಯಾರು ಮಾಡಿದವನು ಸಹಪಾಠಿ ವ್ಲಾದಿಮಿರ್. ಸಮ್ಮೇಳನದಲ್ಲಿ ಗಂಟೆ ಬಾರಿಸುವ ಕೆಲಸ ಅವನದು. ನಿಯಮ ಅಂದರೆ ಅವನಿಗೆ ವೇದವಾಕ್ಯ. ಅಪ್ಪನೇ ಬಂದು ನಿಂತರೂ ಹನ್ನೆರಡಕ್ಕೆ ಗಂಟೆ ಹೊಡೆಯುವ ಪೈಕಿ.

“ನಮಸ್ಕಾರ ಅಂತ ಒಂದ್ಸಲ ಹೇಳು, ಸಾಕು. ಎಂಟು ಸೆಕೆಂಡು,” ಎಂದು ಅವನು ತಾಕೀತು ಮಾಡಿದ್ದ.

“ಅಷ್ಟೂ ಜನಕ್ಕೆ ಸೇರಿಸಿ ಒಂದೇ ಒಂದಾ? ಏನಂದ್ಕೋತಾರೋ?”

“ಏನೂ ಅಂದ್ಕೊಳ್ಳಲ್ಲ ಮಾರಾಯ್ತಿ! ಅರ್ಧ ಜನ ನಿದ್ದೆ ಮಾಡ್ತಿರ್ತಾರೆ.”

ಖಾಲಿ ಕೋಣೆಯಲ್ಲಿ ಆರು ಸಲ ಅಭ್ಯಾಸ ನಡೆಯಿತು. ಆರನೆಯ ಸಲ ಹನ್ನೊಂದು ನಿಮಿಷ ಐವತ್ತು ಸೆಕೆಂಡು. ವ್ಲಾದಿಮಿರ್ ತಾನೇ ಗೆದ್ದವನಂತೆ ಕುಣಿದಾಡಿದ.

ಆದರೆ ಒರ್ತೆನ್ಸಿಯಾ ಸುಮ್ಮನಿರಬೇಕಲ್ಲ! ಹಳ್ಳಿಗೆ ಫೋನ್ ಮಾಡಿಬಿಟ್ಟಿದ್ದಳು. ಸಮ್ಮೇಳನದ ದಿನ ಸೆವೆರಿನಾ ವೇದಿಕೆ ಹತ್ತಿ ಎದುರಿಗೆ ನೋಡಿದರೆ, ಮೊದಲ ಸಾಲಿನಲ್ಲಿ ದುಂಡು ಟೋಪಿಯ ಚಿಕ್ಕಮ್ಮ, ಪಕ್ಕದಲ್ಲಿ ಅಧಿಕಾರದ ಕೋಲು ಹಿಡಿದು ನೆಟ್ಟಗೆ ಕೂತ ಡಾನ್ ಫೆರ್ಮಿನ್. ಅವರೆದುರು ಅಪ್ಪಣೆ ಕೇಳದೆ ಬಾಯಿ ತೆರೆಯುವುದುಂಟೇ? ಎಂಟು ಸೆಕೆಂಡಿನ ನಮಸ್ಕಾರ ಬಿಟ್ಟು ಅವಳು ಯಜಮಾನನ ಕಡೆ ತಿರುಗಿದಳು.

“ಡಾನ್ ಫೆರ್ಮಿನ್ ಯಜಮಾನ್ರೇ, ಮಾತಾಡ್ಲಾ?”

“ಮಾತಾಡವ್ವ.”

“ಬಸಿಲಿಯಾ ಚಿಕ್ಕಮ್ಮ, ಮಾತಾಡ್ಲಾ?”

“ಮಾತಾಡು ಮಗಾ. ಜೋರಾಗಿ.”

ಇಬ್ಬರನ್ನು ಕೇಳಿ ಉಳಿದವರನ್ನು ಬಿಡುವುದು ಇನ್ನೂ ದೊಡ್ಡ ಅವಮರ್ಯಾದೆ. ಕಾವಲುಗಾರ ತಿಬುರ್ಸಿಯೊನನ್ನು ಕೇಳಿದಳು. ಗ್ರಂಥಾಲಯದ ಮೂವರನ್ನು, ಸಾಲಾಗಿ ಕೂತ ಮೇಷ್ಟ್ರುಗಳನ್ನು ಒಬ್ಬೊಬ್ಬರಾಗಿ ಕೇಳಿದಳು. ಆಪಿಯ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಒರ್ತೆನ್ಸಿಯಾ, “ಮಾತಾಡೇ ತಾಯಿ, ಆಪಿ ಆರೋಗುತ್ತೆ!” ಎಂದಳು. ಸಭೆ ಗೊಳ್ಳೆಂದು ನಕ್ಕಿತು. ವ್ಲಾದಿಮಿರ್ ಕೈಗಡಿಯಾರ ತೋರಿಸಿ ತೋರಿಸಿ ಸೋತ.

ಕೊನೆಗೆ ತೀರ್ಪುಗಾರರು. ಇಬ್ಬರು ನಗುತ್ತ ತಲೆಯಾಡಿಸಿದರು. ಮೂರನೆಯವರು, ಮುಖ್ಯಸ್ಥರು, ಅದೇ ಇಂಜಿನಿಯರ್ ಸೆಬಾಯೊಸ್.

“ಇಂಜಿನಿಯರ್ ಸೆಬಾಯೊಸ್ ಅವ್ರೇ, ಮಾತಾಡ್ಲಾ?”

ಅವರು ಕಾಗದದಿಂದ ಕಣ್ಣು ಎತ್ತಲಿಲ್ಲ. ಸೆವೆರಿನಾ ಕಾದಳು. ಸಭೆಯ ನಗು ನಿಂತಿತು. ಒಂದು ನಿಮಿಷ ಕಳೆದರೂ ಅವರು ಕಾಗದ ತಿರುವುತ್ತಲೇ ಇದ್ದರು. ‘ಐದು ನಿಮಿಷ ಬಾಕಿ’ ಎನ್ನುವ ಗಂಟೆ ಹೊಡೆಯಿತು. ಅಪ್ಪಣೆ ಸಿಗಲಿಲ್ಲ, ಕೂತುಬಿಡಬೇಕು ಅನ್ನಿಸಿ ವೇದಿಕೆಯಿಂದ ಇಳಿಯಲು ತಿರುಗಿದಳು. ಆಗ ಡಾನ್ ಫೆರ್ಮಿನ್ ಕೂರಬೇಡ ಎನ್ನುವಂತೆ ಕೋಲಿನಿಂದ ನೆಲವನ್ನು ಒಮ್ಮೆ ಕುಟ್ಟಿದ. ಅವಳು ಹುಟ್ಟಿದಾಗಿನಿಂದ ಕಲಿತದ್ದನ್ನು ಮೀರಿ, ಅಪ್ಪಣೆಯಿಲ್ಲದೆ ಮಾತು ಶುರು ಮಾಡಿದಳು. ಚುನ್ಯೊ ಏನು, ಅಳತೆ ಹೇಗೆ ತೆಗೆದದ್ದು ಎಂದು ಹೇಳಿ ಅಂಕಿಗೆ ಬಂದಳು.

ಮೊದಲ ಜೂನ್‌ನಲ್ಲಿ ಹೆಪ್ಪುಗಟ್ಟಿದ ರಾತ್ರಿ ಇಪ್ಪತ್ತೊಂದು. ಎರಡನೆಯದರಲ್ಲಿ ಹದಿನಾರು. ಮೂರನೆಯದಕ್ಕೆ ಬರುವಷ್ಟರಲ್ಲಿ ಕೊನೆಯ ಗಂಟೆ. ವಾಕ್ಯದ ನಡುವೆಯೇ ಅವಳು ನಿಂತಳು. ಗಂಟೆ ಬಾರಿಸಿದ ವ್ಲಾದಿಮಿರ್ ಇಂಗು ತಿಂದ ಮಂಗನಂತೆ ಕೂತಿದ್ದ. ಆಡಿದ ಮಾತಿಗಿಂತ ಕೇಳಿದ ಅಪ್ಪಣೆಯೇ ಹೆಚ್ಚಾಗಿತ್ತು. ಸುಕ್ರೆ ಕೈತಪ್ಪಿತು ಎಂದು ಅವಳ ಕಣ್ಣು ತುಂಬಿತು.

“ಪ್ರಶ್ನೆ ಯಾರಾದ್ರೂ ಕೇಳ್ಬಹುದು,” ಎಂದು ವ್ಲಾದಿಮಿರ್ ನಿಯಮ ಓದಿದ. ಪುಣ್ಯಾತ್ಮನ ನಿಯಮಪ್ರೇಮ ಒಂದು ಸಲವಾದರೂ ಉಪಯೋಗಕ್ಕೆ ಬಂತು. ಡಾನ್ ಫೆರ್ಮಿನ್ ಎದ್ದು ನಿಂತು ಅವನ ಕಡೆ ತಿರುಗಿದ.

“ಗಂಟೆ ಹಿಡಿದಿರೋ ಯಜಮಾನ್ರೇ, ಮಾತಾಡ್ಲಾ?”

ವ್ಲಾದಿಮಿರ್‌ನ ಕಿವಿ ಕೆಂಪಾಯಿತು. “ಮಾ... ಮಾತಾಡಿ ತಾತ.”

“ಮೂರ್ನೇ ವರ್ಸ ಎಷ್ಟು ರಾತ್ರಿ ಹೆಪ್ಪುಗಟ್ತವ್ವ? ನಂಗೆ ಮರ್ತೋಗೈತೆ.”

ಅವನಿಗೆಲ್ಲಿಯ ಮರೆವು? ಆ ವರ್ಷ ಹನ್ನೊಂದು ಮೂಟೆ ಕಣ್ಣೆದುರೇ ಕೊಳೆತದ್ದನ್ನು ಕಂಡವನು. ಸೆವೆರಿನಾ ಮುಖ ಒರೆಸಿಕೊಂಡು ಹೇಳಿದಳು. ಹನ್ನೆರಡು. ನಾಲ್ಕನೆಯ ವರ್ಷ ಏಳೇ ಏಳು. ಅದೂ ಒಂದರ ಹಿಂದೆ ಒಂದು ಬರಲಿಲ್ಲ, ಚುನ್ಯೊಗೆ ಸಾಲಾಗಿ ಮೂರು ರಾತ್ರಿಯಾದರೂ ಬೇಕು. ಚಿಕ್ಕಮ್ಮ ಎದ್ದು ಮಡಿಲ ಬಟ್ಟೆ ಬಿಚ್ಚಿದಳು. ಒಂದು ಕೈಯಲ್ಲಿ ಗಟ್ಟಿ ಚುನ್ಯೊ, ಇನ್ನೊಂದರಲ್ಲಿ ಮೆತ್ತಗೆ ಕೊಳೆತದ್ದು.

“ಇದು ಯಾಕೆ ಹಿಂಗಾಯ್ತು, ಅದು ಯಾಕೆ ಹಂಗಾಯ್ತು? ಹೇಳು ಮಗಾ, ಈ ಓದ್ದೋರಿಗೂ ತಿಳೀಲಿ.”

ಕೊಳೆತದ್ದು ಸಾಲಿನಿಂದ ಸಾಲಿಗೆ ಹೋಯಿತು. ಜನ ಮೂಗು ಮುಚ್ಚಿಕೊಂಡು ಕೇಳಿದರು. ಸೆವೆರಿನಾ ಅಂಕಿಪಟ್ಟಿ ಮೂಡಿದ್ದ ಪರದೆಯ ಕಡೆ ತಿರುಗಲೇ ಇಲ್ಲ, ಗಾಡಿಯ ಹತ್ತಿರ ಆಡುವ ಹಾಗೆ ಆಡಿದಳು. ಕೊನೆಯ ಪ್ರಶ್ನೆ ಇಂಜಿನಿಯರ್ ಸೆಬಾಯೊಸ್ ಅವರದು.

“ಹಾಗಾದ್ರೆ ಏನು ಮಾಡ್ಬೇಕು ಅಂತೀಯಾ?”

“ಯಾವ ಮೂರು ರಾತ್ರಿ ಅಂತ ನಮ್ಗೆ ಮುಂಚೆನೇ ಹೇಳ್ಬೇಕು ಇಂಜಿನಿಯರ್. ರೇಡಿಯೋದಲ್ಲಿ ಪಟ್ಟಣದ ಚಳಿ ಹೇಳ್ತಾರೆ, ಬಯಲಿನ ಚಳಿ ಯಾರೂ ಹೇಳಲ್ಲ. ಹೇಳಿದ್ರೆ ಆ ಮೂರು ದಿನಕ್ಕೇ ಹರಡ್ತೀವಿ.”

ಸಂಜೆ ಫಲಿತಾಂಶ ಓದಲು ಸೆಬಾಯೊಸ್ ಎದ್ದರು. “ಸೆವೆರಿನಾ ಕಾಯಿಸಾಯಾ. ಸಮಯಪಾಲನೆ, ಹತ್ತಕ್ಕೆ ಸೊನ್ನೆ.” ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. “ವಿಷಯ, ನಲವತ್ತಕ್ಕೆ ಮೂವತ್ತೈದು. ಪ್ರಶ್ನೋತ್ತರ, ಐವತ್ತಕ್ಕೆ ಐವತ್ತು. ಒಟ್ಟು ಎಂಬತ್ತೈದು. ಉಳಿದವರು ಯಾರೂ ಎಂಬತ್ತು ದಾಟಿಲ್ಲ.”

ಸಭೆಯಲ್ಲಿ ಗದ್ದಲವೆದ್ದಿತು. ಅವರು ಕಾಗದ ಮಡಚಿ ಕಿಸೆಗಿಟ್ಟು, ಗದ್ದಲ ಇಳಿಯುವವರೆಗೆ ಕಾದರು.

“ಬೆಳಿಗ್ಗೆ ನೀನು ನನ್ನನ್ನ ಒಂದು ಮಾತು ಕೇಳಿದೆ. ಈ ಹುಡುಗಿ ಯಾಕೆ ಸುಮ್ನೆ ನಿಂತಿದಾಳೆ ಅಂದ್ಕೊಂಡೆ. ಆಮೇಲೆ ಮೊದಲ ವರ್ಷದ ಪರೀಕ್ಷೆ ನೆನಪಾಯ್ತು. ಅವತ್ತೂ ಹೀಗೇ ನಿಂತಿದ್ದೆ ಅಲ್ವಾ? ನಮ್ಮಜ್ಜೀನೂ ಬಯಲಿನವಳೇ, ಬದುಕಿದ್ದಿದ್ರೆ ನನ್ನ ಕಪಾಳಕ್ಕೆ ಬಾರಿಸ್ತಿದ್ಲು.” ಅವರ ದನಿ ಸಣ್ಣದಾಯಿತು. “ಮಾತಾಡು ಮಗಳೇ. ಸುಕ್ರೆಗೆ ಹೋಗಿ ಮಾತಾಡು.”

‘ಮೂಗಿ’ ಅಂದವರೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಸೆವೆರಿನಾ ಅದನ್ನು ಕೇಳಿಸಿಕೊಳ್ಳಲಿಲ್ಲ. ನಾಲ್ಕು ವರ್ಷದಿಂದ ಕಾದಿದ್ದ ಮಾತು ಕಿವಿಗೆ ಬಿದ್ದಾಗ, ಕೃತಜ್ಞತೆ ಹೇಳುವ ಊರಿನ ರೂಢಿಯಂತೆ ತನ್ನ ತಲೆಯ ಟೋಪಿ ತೆಗೆದು ಎದೆಗೆ ಒತ್ತಿಕೊಂಡು ನಿಂತುಬಿಟ್ಟಳು.