ಅಕ್ಕನಿಗೆ ಆರಿಸಿಕೊಟ್ಟ ಸಮುದ್ರದ ಪುಸ್ತಕ

ಎರಡನೇ ಮಹಾಯುದ್ಧ ಮುಗಿದ ವರ್ಷ ನನ್ನ ಅಕ್ಕ ಅತ್ತೆಯ ಜೊತೆ ಗೋಕರ್ಣಕ್ಕೆ ಹೊರಟಳು. ಹೊಸ ಸೊಸೆ, ಹಲಸೂರು ಕೆರೆಗಿಂತ ದೊಡ್ಡ ನೀರು ಕಂಡವಳಲ್ಲ. ಹೊರಡುವ ಮೊದಲು ತವರಿಗೆ ಬಂದು, "ಅತ್ತೆ ಮುಂದೆ ಪೆದ್ದಿ ಆಗ್ಬಾರ್ದು ಕಣೋ. ಸಮುದ್ರದ ಬಗ್ಗೆ ಒಳ್ಳೆ ಪುಸ್ತಕ ಆರಿಸ್ಕೊಂಡ್ ಬಂದು ಓದಿ ಹೇಳು" ಎಂದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನಾದರೂ ಇಂಗ್ಲಿಷ್ ಬರುತ್ತದೆಂದು ಮನೆತುಂಬ ಕೊಚ್ಚಿಕೊಂಡಿದ್ದೆ.

ಇಂಗ್ಲೆಂಡಿಗೆ ವಾಪಸ್ಸಾದ ಸೋಲ್ಜರುಗಳು ಬಿಟ್ಟುಹೋದ ಪುಸ್ತಕಗಳು ಶಿವಾಜಿನಗರದ ಗುಜರಿಯಲ್ಲಿ ರಾಶಿ ಬಿದ್ದಿದ್ದವು. ಹಡಗಿನ ಚಿತ್ರವಿದ್ದ ಮೂರರಲ್ಲಿ ದಪ್ಪನೆಯದನ್ನು ಆರಿಸಿದೆ. ಒಳಗೆ ಬರೀ ಯಂತ್ರದ ನಕ್ಷೆಗಳು. ಒಂದು ಸಾಲೂ ಓದಲಾಗದೆ, ದಿನಾ ಪುಟ ತಿರುಗಿಸಿ ಬಾಯಿಗೆ ಬಂದದ್ದನ್ನು ಹೇಳಿದೆ. "ಉಪ್ಪು ಹುಟ್ಟೋದು ಬಿಸಿಲಿಗೆ. ಬೆಳಗಿನ ಜಾವ ಸಮುದ್ರದ ನೀರು ಸಿಹಿ ಅಂತ ಬರ್ದಿದೆ."

ಗೋಕರ್ಣದಲ್ಲಿ ಅಕ್ಕ ಸೂರ್ಯ ಹುಟ್ಟುವ ಮೊದಲೇ ಒಂದು ಚೊಂಬು ಸಮುದ್ರದ ನೀರು ತಂದು ಅತ್ತೆಗೆ ಕಾಫಿ ಮಾಡಿಕೊಟ್ಟಳಂತೆ. ಅತ್ತೆ ಕಾಫಿಯನ್ನು ಉಗುಳಿ, ನಮ್ಮ ವಂಶವನ್ನೇ ಉಗಿದರಂತೆ.

ವಾಪಸ್ಸು ಬಂದವಳು ನನ್ನನ್ನು ಬೈಯಲಿಲ್ಲ. "ನನ್ ತಮ್ಮ ಓದಿರೋದು ಸುಳ್ಳಾಗಲ್ಲ, ನಾನೇ ಎದ್ದಿದ್ದು ತಡ ಆಯ್ತು ಅಂತ ಅತ್ತೆಗೆ ಅಂದೆ ಕಣೋ" ಎಂದಳು.

ಆಗಲಾದರೂ ನಿಜ ಹೇಳಬಹುದಿತ್ತು. "ಹೂಂ, ನೀನು ಇನ್ನೂ ಬೇಗ ಏಳ್ಬೇಕಿತ್ತು" ಎಂದುಬಿಟ್ಟೆ.