ಬಾವಿ ಮೆಟ್ಟಿಲ ಮೇಲಿದ್ದ ಚಪ್ಪಲಿ

ಗೆಳೆಯರೇ, ಇಂದು ಬೆಳಿಗ್ಗೆ ಗದ್ವಾಲ ಕೋಟೆಯ ಹಳೆಯ ಬಾವಿಯ ಫೋಟೊ ತೆಗೆಯುತ್ತಿದ್ದೆ. ಮೇಲಿನ ಮೆಟ್ಟಿಲಲ್ಲಿ ಒಂದು ಜೊತೆ ಸವೆದ ಚಪ್ಪಲಿ ಇದ್ದವು. ಚಿತ್ರಕ್ಕೆ ಅಡ್ಡವೆಂದು ಎತ್ತಿ ಗೋಡೆಯ ಹಿಂದೆ ಇಟ್ಟೆ.

ಸ್ವಲ್ಪ ಹೊತ್ತಿಗೆ ಒಬ್ಬ ಹೆಣ್ಣುಮಗಳು ಓಡುತ್ತಾ ಬಂದಳು. "ಅಣ್ಣಾರ, ವಯಸ್ಸಾದೋರು ಯಾರರ ಈ ಕಡಿ ಬಂದಿದ್ರೇನ್ರಿ? ನಮ್ಮಪ್ಪಗ ನೆನಪು ನಿಲ್ಲಂಗಿಲ್ರಿ, ನಸುಕಿನ್ಯಾಗ ಮನಿ ಬಿಟ್ಟಾನ."

ನಾನು ಯಾರನ್ನೂ ಕಂಡಿರಲಿಲ್ಲ. ಹಾಗೆಯೇ ಹೇಳಿದೆ. ಅವಳು ಬರಿದಾದ ಮೆಟ್ಟಿಲುಗಳನ್ನೊಮ್ಮೆ ನೋಡಿ, "ಹಂಗಾದ್ರ ಬಸ್‌ಸ್ಟ್ಯಾಂಡಿಗೆ ಹೋಗ್ಯಾನೇನೋ" ಎಂದು ಹೊರಟುಹೋದಳು.

ಅವಳು ಕೋಟೆಯ ಬಾಗಿಲು ದಾಟಿದ ಮೇಲೆ ನನಗೆ ಚಪ್ಪಲಿ ನೆನಪಾಯಿತು. ಕೈಯಲ್ಲಿ ಹಿಡಿದು ಹಿಂದೆಯೇ ಓಡಿದೆ. ನೋಡಿದವಳೇ ಅವನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಎಲ್ಲಿದ್ವು?"

"ಬಾವಿ ಮೆಟ್ಟಿಲ ಮ್ಯಾಲ ಇದ್ವು ರೀ."

"ಮತ್ಯಾಕ ತಗದ್ರಿ?"

ನಾನು ದಾರಿಯಲ್ಲಿದ್ದವರನ್ನು ಕೂಗಿ ಕರೆಯುತ್ತಾ ಬಾವಿಯ ಕಡೆಗೆ ಓಡಿದೆ.

ಊರಿನ ಇಬ್ಬರು ಬಾವಿಗಿಳಿದು ಅವಳಪ್ಪನನ್ನು ಮೇಲೆ ತಂದಾಗ ಜೀವ ಹೋಗಿತ್ತು. "ಭಾಳ ಹೊತ್ತಾಗೈತ್ರಿ. ನೀವು ಚಪ್ಪಲಿ ತಗೀದಿದ್ರೂ ಉಳೀತಿದ್ದಿಲ್ಲ" ಎಂದು ಅವರಲ್ಲೊಬ್ಬ ನನಗೆ ಸಮಾಧಾನ ಹೇಳಿದ. ಮಗಳು ಚಪ್ಪಲಿಗಳನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಗದ್ವಾಲದ ಫೋಟೊ ಎಲ್ಲಿ ಎಂದು ಸಂಜೆಯಿಂದ ಕೇಳುತ್ತಿದ್ದೀರಿ. ಬಾವಿಯದು ಬಹಳ ಚೊಕ್ಕಟವಾಗಿ ಬಂದಿದೆ, ಒಂದು ಕಸವೂ ಅಡ್ಡವಿಲ್ಲ. ಅದಕ್ಕೇ ಹಾಕುತ್ತಿಲ್ಲ.