ಮನೆಬಳಕೆಗೆ ಮೂರು ಯಂತ್ರ

ಸೂರತ್ತಿನ ಕತಾರ್‌ಗಾಮ್‌ನಲ್ಲಿ ಸುಭದ್ರಾ ಹನ್ನೊಂದು ವರ್ಷ ಸೀರೆಗಳಿಗೆ ಫಾಲ್ ಹಚ್ಚಿ, ಅಂಚಿಗೆ ಪಿಕೊ ಹಾಕಿದವಳು. ಪಡಸಾಲೆಯಲ್ಲೇ ಮೂರು ಯಂತ್ರ. ಗಂಡನ ಡಬ್ಬಿ ಕಟ್ಟಿಕೊಟ್ಟ ಮೇಲೆ ಅವು ಶುರುವಾಗುತ್ತಿದ್ದವು. ಅವನು ಬರುವ ಹೊತ್ತಿಗೆ ದಾರದ ತುಣುಕು ಗುಡಿಸಿ ಪಡಸಾಲೆಯನ್ನು ಮತ್ತೆ ಪಡಸಾಲೆ ಮಾಡಿರುತ್ತಿದ್ದಳು. ಎರಡು ವರ್ಷದಿಂದ ತನ್ನ ಹೆಸರಿನಲ್ಲಿ ತೆರಿಗೆ ರಿಟರ್ನ್ ಕೊಡುತ್ತಿದ್ದಳು. ಅದರಲ್ಲಿ ಸ್ವಂತ ಉದ್ಯೋಗ ಎಂದಿರುತ್ತಿತ್ತು.

ಗಂಡ ಮಲ್ಲಿಕಾರ್ಜುನನಿಗೆ ಅಹಮದಾಬಾದಿಗೆ ವರ್ಗವಾಯಿತು. ಲಾರಿ ತುಂಬಿಹೋಗಿ ಯಂತ್ರಗಳಿಗೆಂದೇ ಒಂದು ಟೆಂಪೊ ಬೇಕಾಯಿತು. ಅದರ ಬಾಡಿಗೆಯನ್ನು ಸುಭದ್ರಾ ತನ್ನ ಗಳಿಕೆಯಿಂದ ಕೊಟ್ಟಳು.

"ಸಾಮಾನಿನ ಪಟ್ಟಿ ನೀನ ಬರಿ, ನಿನ್ನ ಅಕ್ಷರ ಚೊಲೊ ಅದಾವ," ಎಂದ ಮಲ್ಲಿಕಾರ್ಜುನ. "ಹೊಲಿಗಿ ಮಷಿನ್ ಮೂರು, ಮನೆಬಳಕೆಗೆ. ಧಂದೇದ್ದು ಅಂದ್ರ ಆಫೀಸಿನವರು ಗಾಡಿ ರೊಕ್ಕ ಕೊಡಂಗಿಲ್ಲ."

ಅವಳು ದುಂಡಗೆ ಬರೆದಳು. ಎರಡೂ ಗಾಡಿಯ ಬಿಲ್ ಅವನ ಹೆಸರಿಗಾಯಿತು. ಆಫೀಸು ಲಾರಿಯದಷ್ಟೇ ಕೊಟ್ಟಿತು.

ಟೆಂಪೊ ಬಾಡಿಗೆಯನ್ನು ತನ್ನ ಉದ್ಯೋಗದ ಖರ್ಚೆಂದು ತೋರಿಸಿದರೆ ತೆರಿಗೆ ಸ್ವಲ್ಪ ಇಳಿಯುತ್ತದೆ ಎಂದು ಸುಭದ್ರಾ ಕೇಳಿದ್ದಳು. ಹಣ ಹೆಚ್ಚಿನದೇನಲ್ಲ. ಊರು ಬಿಟ್ಟದ್ದು ಗಂಡನ ನೌಕರಿಯೊಂದೇ ಅಲ್ಲ, ತನ್ನ ಕೆಲಸವೂ ಎಂದು ಎಲ್ಲಾದರೂ ಒಂದು ಸಾಲು ಇರಬೇಕಿತ್ತು ಅವಳಿಗೆ. ವಸ್ತ್ರಾಪುರದ ಹೊಸ ಮನೆಯ ಹತ್ತಿರವೇ ಇದ್ದ ತೆರಿಗೆ ಸಲಹೆಗಾರ್ತಿ ಹೇತಲ್‌ಬೆನ್ ಬಳಿಗೆ ಹೋದಳು.

"ಸುಭದ್ರಾಬೆನ್, ಕೆಲಸದ ಯಂತ್ರ ಸಾಗಿಸಿದ್ದನ್ನು ಖರ್ಚಿಗೆ ಹಾಕಬಹುದಿತ್ತು," ಎಂದಳು ಅವಳು ಕಾಗದ ತಿರುವುತ್ತ. "ಆದರೆ ಬಿಲ್ ಸಾಹೇಬರ ಹೆಸರಲ್ಲಿದೆ. ಪಟ್ಟಿಯಲ್ಲಿ ಮನೆಬಳಕೆಗೆ ಅಂತಿದೆ. ಯಾರು ಬರೆದದ್ದು ಇದನ್ನ?"

"ನಾನೇ."

ಹೇತಲ್‌ಬೆನ್ ನಕ್ಕುಬಿಟ್ಟಳು. "ಹಾಗಾದರೆ ಕಾಗದದ ಮಟ್ಟಿಗೆ ನಿಮ್ಮ ಅಂಗಡಿ ಇನ್ನೂ ಸೂರತ್ತಿನಲ್ಲೇ ಇದೆ, ಬೆನ್."

ಮನೆಗೆ ಬಂದಾಗ ಯಂತ್ರಗಳು ಹಗ್ಗ ಬಿಚ್ಚದೆ ಬಾಲ್ಕನಿಯಲ್ಲಿ ನಿಂತಿದ್ದವು. ಅವುಗಳ ಮೇಲೆ ಮಲ್ಲಿಕಾರ್ಜುನನ ಅಂಗಿಗಳು ಒಣಗುತ್ತಿದ್ದವು. ಸುಭದ್ರಾ ಅವನ್ನು ತೆಗೆದು ಮಡಚಿದಳು. ಸಂಜೆ ಅವನಿಗೆ ವಿಷಯ ಹೇಳಿದಳು.

"ಹೋಗ್ಲಿ ಬಿಡು, ಎಷ್ಟರ ರೊಕ್ಕ ಅದು," ಎಂದು ಅವನು ಹೌಸಿಂಗ್ ಸೊಸೈಟಿಯ ಫಾರ್ಮ್ ಮುಂದಿಟ್ಟ. "ಇದನ್ನೂ ಬರದುಬಿಡು. ಹೆಂಡತಿ ಉದ್ಯೋಗ ಅನ್ನೂವಲ್ಲಿ ಹೌಸ್‌ವೈಫ್ ಅಂತ ಹಾಕು. ಮಷಿನ್ ಸಪ್ಪಳ ಅಂತ ಗೊತ್ತಾದ್ರ ಇಲ್ಲಿ ಮಂದಿ ತಕರಾರು ತಗೀತಾರ."

"ಹಂಗಾರ ನಾ ಎಲ್ಲಿ ಹೊಲೀಲ್ರಿ?"

"ನೋಡೂಣಂತ."

ಅವನ ಹೆಸರು, ಹುದ್ದೆ, ಫ್ಲ್ಯಾಟಿನ ನಂಬರು ಎಲ್ಲವನ್ನೂ ಅವಳು ತುಂಬಿದಳು. ಆ ಒಂದು ಜಾಗ ಬಿಟ್ಟು ರೊಟ್ಟಿ ಬಡಿಯಲು ಎದ್ದಳು. ರೊಟ್ಟಿ ಮುಗಿಸಿ, ಕೈಯ ಹಿಟ್ಟು ತೊಳೆದು ಬರುವಷ್ಟರಲ್ಲಿ ಆ ಜಾಗದಲ್ಲಿ ಮಲ್ಲಿಕಾರ್ಜುನನ ಸೊಟ್ಟ ಅಕ್ಷರಗಳಿದ್ದವು.